ಚಂಡು ಇಲ್ಲದ ಪದ

ವಾಚನಾಲಯದ ಹುಡುಗರು ಬಂದು, "ಕಾಕಾ, ಈ ಸಲದ ಪುಸ್ತಕಕ್ಕ ನೀವೂ ಒಂದು ಬರೀರಿ" ಅಂದರು. ನಾ ಏಳನೆಯ ಇಯತ್ತೆ ಕಲಿತು ನೇಗಿಲ ಹಿಡಿದವ, ನನಗ ಬರಿಯೋದು ಎಲ್ಲಿಂದ ಬರಬೇಕು ಅಂದೆ. "ಪದ ಕಟ್ಟತೀರಲ್ಲ, ಪದದ ಬಗ್ಗೆನೇ ಬರೀರಿ. ಯಾವ ಪದ ಚಲೋ, ಯಾವುದು ಯಾಕ ಕೆಟ್ಟಿತು, ಅದನ್ನ ಬರೀರಿ" ಅಂದರು. ಮಂದಿ ಪದದಾಗ ತಪ್ಪು ಹುಡುಕೋದು ಸಸಾರ. ಅದಕ್ಕ ನಾನು ಕಟ್ಟಿದ್ದೇ ಒಂದು ಪದ ತಗೊಂಡು ಬಿಚ್ಚಿ ನೋಡಬೇಕು ಅಂತ ಮಾಡೀನಿ. ಮಂದಿ ಕಣ್ಣೀರು ಹಾಕಿ ಕೇಳಿದ ಪದ ಅದು. ಆದರೂ ಅದು ಕೆಟ್ಟ ಪದ.

ನಮ್ಮದು ಜತ್ತ ತಾಲೂಕು. ಬಿಳಿಜೋಳ, ನೀರಿದ್ದವನಿಗೆ ದಾಳಿಂಬರಿ, ದ್ರಾಕ್ಷಿ. ಸರಕಾರ ಮರಾಠಿ, ಮನಿ ಕನ್ನಡ. ನಾನು ನಲವತ್ತು ವರ್ಷದಿಂದ ಗೀಗೀ ಮೇಳದಾಗ ದಪ್ಪು ಬಡೀತೀನಿ. ನಮ್ಮದು ಹರದೇಶಿ ಮೇಳ. ಗೊತ್ತಿಲ್ಲದವರಿಗೆ ಹೇಳತೀನಿ. ಹರ ದೊಡ್ಡವ, ಗಂಡು ಹೆಚ್ಚು ಅಂತ ಹಾಡೋದು ಹರದೇಶಿ. ಶಕ್ತಿ ದೊಡ್ಡಾಕಿ, ಹೆಣ್ಣು ಹೆಚ್ಚು ಅಂತ ಹಾಡೋದು ನಾಗೇಶಿ. ರಾತ್ರಿ ಪೂರ್ತಿ ಸವಾಲು-ಜವಾಬು ನಡೀತದ. ಇಷ್ಟು ವರ್ಷ ನಾ ಗಂಡಿನ ಪಕ್ಷ ಹಿಡಿದು ಹಾಡಿದವ ಅನ್ನೋದು ನೆನಪಿರಲಿ. ಈ ಮಾತಿಗೆ ಮುಂದೆ ಕೆಲಸ ಐತಿ.

2022ರ ಅಕ್ಟೋಬರ ತಿಂಗಳದಾಗ ಹದಿನೇಳು ವರ್ಷದೊಳಗಿನ ಹುಡಿಗ್ಯಾರ ಫುಟ್‌ಬಾಲ್ ವಿಶ್ವಕಪ್ ನಮ್ಮ ದೇಶದಾಗ ನಡೀತು. ಭುವನೇಶ್ವರ, ಗೋವಾದ ಮಡಗಾಂವ, ನಮ್ಮದೇ ರಾಜ್ಯದ ನವಿಮುಂಬೈ, ಹಿಂಗ ಮೂರು ಊರಾಗ. ಭಾರತದ ಹುಡಿಗ್ಯಾರು ಭುವನೇಶ್ವರದ ಕಳಿಂಗ ಮೈದಾನದಾಗ ಮೂರು ಆಟ ಆಡಿದರು. ಅಕ್ಟೋಬರ 11ಕ್ಕೆ ಅಮೆರಿಕದ ಮುಂದೆ 0–8. 14ಕ್ಕೆ ಮೊರಾಕೊ ಮುಂದೆ 0–3. 17ಕ್ಕೆ ಬ್ರೆಜಿಲ್ ಮುಂದೆ 0–5. ಮೂರು ಆಟದಾಗ ಹದಿನಾರು ಗೋಲು ಬಿಟ್ಟುಕೊಟ್ಟರು, ಒಂದೂ ಹೊಡೀಲಿಲ್ಲ.

ಮೊದಲನೆಯ ಆಟ ನಾನು ತಮ್ಮನ ಮಗನ ಮೊಬೈಲದಾಗ ನೋಡಿದೆ. ಐದನೆಯ ಗೋಲಿಗೆ ಎದ್ದು ಬಂದೆ. ಇದೇನಿದು, ದೇಶದ ಮಾನ ಹೋತಲ್ಲ ಅಂತ ಮಲಗಿದೆ. ಮುಂದೆ ಮರಾಠಿ ಪತ್ರಿಕೆದಾಗ ಒಂದು ಬಾತಮಿ ಓದಿದೆ. ತಂಡದ ನಾಯಕಿ ಅಷ್ಟಮ್ ಒರಾಂವ್ ಝಾರ್ಖಂಡದ ಗುಮ್ಲಾ ಜಿಲ್ಲೆಯಾಕಿ. ಆಕಿ ನಾಯಕಿ ಆದ ಮ್ಯಾಲೆ ಜಿಲ್ಲಾಡಳಿತ ಆಕಿ ಊರಿಗೆ ರಸ್ತೆ ಮಾಡಲಿಕ್ಕೆ ಹತ್ತಿತು. ಆ ರಸ್ತೆದಾಗ ಆಕಿ ತಾಯಿ-ತಂದೆನೇ ದಿನಗೂಲಿಗೆ ದುಡಿಯುತಿದ್ದರು. ಮಗಳ ಆಟ ನೋಡಲಿಕ್ಕೆ ಮನಿಯಾಗ ಟಿವಿ ಇರಲಿಲ್ಲ, ಅದನ್ನೂ ಆಡಳಿತದವರೇ ಕೊಟ್ಟರು.

ಇದನ್ನ ಓದಿದ ಮ್ಯಾಲೆ ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. ಹೊಲದಾಗ ಜೋಳ ಬಿತ್ತೋ ದಿವಸ. ಕೂರಿಗಿ ಹಿಂದೆ ನಡಕೋತ ನಡಕೋತ ಪದ ಕಟ್ಟಿದೆ. ದೀಪಾವಳಿ ಪಾಡ್ಯದ ರಾತ್ರಿ ಗುಡಿ ಮುಂದೆ ಹಾಡಿದೆವು. ಕಲ್ಲು ಹೊರುವ ತಾಯಿ, ಬಿಸಿಲಾಗ ನಿಂತ ತಂದೆ, ಅವರ ಹೊಟ್ಟಿಯೊಳಗ ಹುಟ್ಟಿದ ಹುಲಿಯಂಥ ಮಗಳು. ಹಿಮ್ಮೇಳದವರು ಗೀಯ ಗಾ ಅಂತ ಎಳೆದರೆ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರಸಿಕೊಂಡರು. ಹತ್ತು, ಇಪ್ಪತ್ತು, ಐವತ್ತರ ನೋಟು ಬಂದವು. ಇಂಥ ಪದ ಹತ್ತು ವರ್ಷದಾಗ ಕಟ್ಟಿಲ್ಲ ಅಂತ ನಾನೂ ಎದಿ ಉಬ್ಬಿಸಿಕೊಂಡು ಮನಿಗೆ ಬಂದೆ.

ಮನಿಯಾಗ ಮೊಮ್ಮಗಳು ಎಚ್ಚರಿದ್ದಳು. ಆವಾಗ ಒಂಬತ್ತನೆಯ ಇಯತ್ತೆ. ಸಾಲಿ ಬಿಟ್ಟ ಮ್ಯಾಲೆ ಕನ್ನಡ ಸಾಲಿ ಬಯಲಾಗ ಆರೇಳು ಹುಡಿಗ್ಯಾರನ್ನ ಕಟ್ಟಿಕೊಂಡು ಚಂಡು ಒದಿಯೋ ಹುಡುಗಿ ಅದು. ಹೆಂಗಿತ್ತವ್ವಾ ಪದ ಅಂತ ಕೇಳಿದೆ. ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಮುತ್ಯಾ, ನಿನ್ನ ಪದದಾಗ ಚಂಡು ಎಲ್ಲೈತಿ?"

ನಕ್ಕು ಬಿಟ್ಟೆ. ಐತಲ್ಲ, ಮೂರನೆಯ ನುಡಿಯಾಗ ಚಂಡು ಒದ್ದಳು ಅಂತ ಬರತೈತಿ ಅಂದೆ. "ಎತ್ತ ಒದ್ದಳು? ಯಾರಿಗೆ ಕೊಟ್ಟಳು? ಆಕಿ ಯಾವ ಜಾಗಾದಾಗ ಆಡತಾಳ, ಅದಾದರೂ ಗೊತ್ತೇನು ನಿನಗ?" ಗೊತ್ತಿರಲಿಲ್ಲ. "ಆಕಿ ಹಿಂದ ನಿಂತು ಕಾಯೋಾಕಿ ಮುತ್ಯಾ, ಡಿಫೆಂಡರ್. ನೀನು ಮುಂದ ಓಡಿಸಿ ಗೋಲಿನ ಕಡೆ ಕಳಿಸೀದಿ" ಅಂದು ಹೊದ್ದುಕೊಂಡು ಮಲಗಿದಳು.

ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ. ಮರುದಿವಸ ಪದದ ವಹಿ ತಗದು ಎಣಿಸಿದೆ. ಹದಿನೆಂಟು ನುಡಿ. ಹನ್ನೊಂದು ನುಡಿ ಬಡತನದ್ದು. ನಾಲ್ಕು ತಾಯಿ-ತಂದಿದು. ಎರಡು ದೇಶದ್ದು. ಒಂದೇ ಒಂದು ಆಟದ್ದು, ಅದೂ ತಪ್ಪು. ಆ ಹುಡುಗಿ ಯಾವ ಕೆಲಸಕ್ಕೆ ಹೆಸರು ಮಾಡಿದಳೋ ಅದನ್ನೇ ಬಿಟ್ಟು, ಆಕಿ ಮನಿಯಾಗ ಏನೇನಿಲ್ಲ ಅನ್ನೋದನ್ನ ನಾ ಹಾಡಿದ್ದೆ.

ನಮ್ಮ ಸಾಂಗಲಿ ಜಿಲ್ಲೆ ಅಂದರೆ ಕುಸ್ತಿ. ಜಾತ್ರಿಯೊಳಗ ಕುಸ್ತಿ ಆದರೆ ಗೆದ್ದ ಪೈಲವಾನನ ಮ್ಯಾಲೆ ಪದ ಕಟ್ಟೋದು ನಮ್ಮ ಪದ್ಧತಿ. ಅಂಥ ಪದ ನಾನೇ ಇಪ್ಪತ್ತು-ಮೂವತ್ತು ಕಟ್ಟೀನಿ. ಅವುಗಳ ವಹಿನೂ ತಗದು ನೋಡಿದೆ. ಅಲ್ಲಿ ಢಾಕ ಹಾಕಿದ್ದು ಐತಿ, ಘಿಸ್ಸಾ ಐತಿ, ಕಲಾಜಂಗ, ಧೋಬಿಪಛಾಡ ಎಲ್ಲಾ ಐತಿ. ಯಾವ ಕಾಲು ಯಾವ ಕಡೆ ಇಟ್ಟ, ಎದುರಾಳಿ ಹೆಂಗ ಜಾರಿದ, ಎಷ್ಟು ಹೊತ್ತು ಹಿಡಿದ, ಬೆನ್ನು ಮಣ್ಣಿಗೆ ಯಾವಾಗ ಹತ್ತಿತು, ಒಂದೂ ಬಿಟ್ಟಿಲ್ಲ. ಆ ಪೈಲವಾನರೂ ಬಡವರೇ. ಅವರ ತಾಯಂದಿರೂ ಕೂಲಿ ಮಾಡಿದವರೇ. ಆದರೆ ಆ ಪದದಾಗ ಅವರ ತಾಯಿ ಕಣ್ಣೀರು ಒಂದು ಸಾಲಿಗಿಂತ ಹೆಚ್ಚು ಇಲ್ಲ. ಗಂಡುಮಕ್ಕಳ ಆಟಕ್ಕೆ ಡಾವಿನ ಹೆಸರು ಕೊಟ್ಟೆ, ಹೆಣ್ಣುಮಕ್ಕಳ ಆಟಕ್ಕೆ ಅಳು ಕೊಟ್ಟೆ. ನನ್ನ ಪದದ ರೋಗ ಇದು.

ನಾ ಒಬ್ಬನೇ ಹಿಂಗ ಅಂತ ತಿಳಿಬ್ಯಾಡ್ರಿ. ಆ ತಿಂಗಳು ನಾನು ಓದಿದ ಪತ್ರಿಕೆಗಳೂ ಎರಡೇ ರಾಗ ಎಳೆದವು. ಒಂದು ನಾಚಿಕಿ ರಾಗ: ಎಂಟು ಗೋಲು, ಮಾನ ಹೋತು. ಇನ್ನೊಂದು ಮರುಕದ ರಾಗ: ಬಡವರ ಮಕ್ಕಳು, ಪಾಪ. ಎರಡರೊಳಗೂ ಆಟ ನೋಡಿದವರಿಲ್ಲ. ನಾಚಿಕಿ ಪಟ್ಟವನು ಐದನೆಯ ಗೋಲಿಗೆ ಎದ್ದು ಹೋಗ್ಯಾನ, ನಾ ಹೋದಂಗ. ಮರುಕ ಪಟ್ಟವನು ಆಟಕ್ಕಿಂತ ಮೊದಲೇ ಕಣ್ಣು ಒರಸಿಕೊಳ್ಳಲಿಕ್ಕೆ ಹತ್ಯಾನ, ಕಣ್ಣಾಗ ನೀರಿದ್ದರೆ ಚಂಡು ಹೆಂಗ ಕಾಣಬೇಕು?

ಆಮ್ಯಾಲೆ ಮೊಮ್ಮಗಳನ್ನ ಬಾಜೂಕ ಕೂಡಿಸಿಕೊಂಡು ಮೂರೂ ಆಟ ಮೊಬೈಲದಾಗ ಮತ್ತೊಮ್ಮೆ ನೋಡಿದೆ. ಆಕಿ ನಿಲ್ಲಿಸಿ ನಿಲ್ಲಿಸಿ ತೋರಿಸಿದಳು. ಸವಾಲು-ಜವಾಬು ಕೇಳಿದ ಕಿವಿ ಇದ್ದವನಿಗೆ ಏನು ಕಾಣತೈತೋ ಅದನ್ನ ಹೇಳತೀನಿ.

ಅಮೆರಿಕದ ಮೇಳ ಒಂದೇ ಉಸಿರಿನ ಮೇಳ. ಮುಂದಿನಾಕಿ ನುಡಿ ಎತ್ತೋದಕ್ಕಿಂತ ಮೊದಲೇ ಹಿಮ್ಮೇಳದಾಕಿಗೆ ಗೊತ್ತು. ಚಂಡು ಬರೋಕಿಂತ ಮೊದಲೇ ಹುಡುಗಿ ಆ ಜಾಗಾಕ್ಕ ಬಂದಿರತಾಳ. ನಮ್ಮವರು ಚಂಡು ಬಂದ ಮ್ಯಾಲೆ ತಲಿ ಎತ್ತಿ ಯಾರಿಗೆ ಕೊಡಲಿ ಅಂತ ಹುಡುಕತಾರ. ಹುಡುಕೋದರಾಗ ಇಬ್ಬರು ಬಂದು ಮುತ್ತತಾರ. ಗಾಬರಿಯಾಗಿ ದೂರ ಒದ್ದರೆ ಅಲ್ಲಿ ನಮ್ಮಾಕಿ ಇರೂದಿಲ್ಲ. ಚಂಡು ಮತ್ತ ಅವರಿಗೇ. ಜವಾಬು ಮುಗಿಯೋಕಿಂತ ಮೊದಲೇ ಮುಂದಿನ ಸವಾಲು ಬಂದರೆ ಎಂಥಾ ಹಾಡುಗಾರನೂ ತಾಳ ತಪ್ಪತಾನ. ಮೊದಲರ್ಧದಾಗ ಐದು ಗೋಲು ಹಂಗ ಆದವು.

ಆದರೆ ಎದ್ದು ಹೋದ ನಾನು ನೋಡದೇ ಇದ್ದದ್ದೂ ಒಂದು ಐತಿ. ಎಂಟನೆಯ ಗೋಲು 62ನೆಯ ನಿಮಿಷಕ್ಕ ಆತು. ಅಲ್ಲಿಂದ ಮುಂದೆ ಒಂದೂ ಆಗಲಿಲ್ಲ. ಅಮೆರಿಕದವರೂ ಆಗ ಸಡಿಲು ಬಿಟ್ಟಿರಬಹುದು, ಒಪ್ಪತೀನಿ. ಆದರೂ ಎಂಟು ಗೋಲು ತಿಂದ ಮ್ಯಾಲೆ ಸಾವಿರಾರು ಮಂದಿ ಎದುರು ಅರ್ಧ ತಾಸು ನಿಂತು ಓಡೋದು ಐತಲ್ಲ, ಅದನ್ನ ನಾ ಮಾಡಿಲ್ಲ. ಒಂದು ಸಲ ಜಾತ್ರಿಯೊಳಗ ನಾಗೇಶಿ ಮೇಳದ ಬಾಯಿ ನಾಲ್ಕು ಸವಾಲಿಗೆ ನನ್ನ ಬಾಯಿ ಕಟ್ಟಿಸಿದಾಗ, ಗಂಟಲು ಕೆಟ್ಟೈತಿ ಅಂತ ನೆವ ಹೇಳಿ ಕಟ್ಟಿ ಇಳಿದವ ನಾನು.

ಮೊರಾಕೊ ಆಟ ಬ್ಯಾರೇ ಇತ್ತು. ಆ ಹುಡಿಗ್ಯಾರೂ ಈ ವಿಶ್ವಕಪ್ಪಿಗೆ ಬಂದದ್ದು ಮೊದಲನೆಯ ಸಲ. ಮೊದಲರ್ಧದಾಗ ಯಾರದೂ ಗೋಲಿಲ್ಲ. ಆ 45 ನಿಮಿಷ ನನ್ನ ಮೊಮ್ಮಗಳು ಉಸಿರು ಬಿಡದೇ ನೋಡಿದಳು. ನಮ್ಮ ಹಿಂದಿನ ಸಾಲು ಚದುರಿಲ್ಲ, ಒಬ್ಬಾಕಿ ಮುಂದ ಹೋದರೆ ಇನ್ನೊಬ್ಬಾಕಿ ಆ ಜಾಗಾ ತುಂಬತಾಳ. ಎರಡನೆಯ ಅರ್ಧದಾಗ ಪೆನಾಲ್ಟಿಯಿಂದ ಒಂದು ಗೋಲು ಆತು, ಆಮ್ಯಾಲೆ ಕಟ್ಟಿ ಕುಸೀತು. ಮೂರನೆಯ ಗೋಲಂತೂ ಆಟದ ಹೊತ್ತು ಮುಗಿದ ಮ್ಯಾಲಿನ ಹೆಚ್ಚಿನ ಹೊತ್ತಿನಾಗ. "ಇಲ್ಲಿ ನೋಡು ಮುತ್ಯಾ, ಇದನ್ನ ಹಾಡಬೇಕಾಗಿತ್ತು ನೀನು" ಅಂತ ಆ ಮೊದಲರ್ಧ ತೋರಿಸಿ ಹೇಳಿದಳು. ಖರೇ. 0–3 ಅಂತ ಬರೆದರೆ ಆ 45 ನಿಮಿಷ ಎಲ್ಲಿ ಕಾಣತೈತಿ?

ಹಂಗಾದರ ಸೋಲಿಗೆ ಕಾರಣ ಏನು? ಊರಾಗ ಕೆಲವರು ಅಂದರು, ನಮ್ಮ ಮಂದಿ ಮೈಯಾಗ ಆ ಕಸುವು ಇಲ್ಲ, ಅದು ರಕ್ತದಾಗ ಬರಬೇಕು ಅಂತ. ಅದಕ್ಕ ಜವಾಬು ಆ ಆಟದೊಳಗೇ ಐತಿ. ಅಮೆರಿಕದ ಎಂಟನೆಯ ಗೋಲು ಹೊಡೆದ ಮಿಯಾ ಭೂತಾ ತಂದೆ ಕಡೆಯಿಂದ ಭಾರತದ ಮೂಲದಾಕಿ. ಅದೇ ರಕ್ತ, ಬ್ಯಾರೇ ಮೈದಾನ. ಅಲ್ಲಿ ಸಣ್ಣಾಕಿ ಇದ್ದಾಗಿಂದ ವಾರಕ್ಕೊಂದು ಆಟ ಸಿಗತೈತಿ. ನಮ್ಮ ಹುಡುಗಿಗೆ ವರ್ಷಕ್ಕ ಎಷ್ಟು ಸಿಗತಾವು?

ಹಾಡುಗಾರಿಕಿನೂ ಹಂಗೇ. ಕಂಠ ದೇವರು ಕೊಡತಾನ, ಜವಾಬು ಕೊಡೋ ಶಕ್ತಿ ರಾತ್ರಿಗಳು ಕೊಡತಾವು. ನೂರು ರಾತ್ರಿ ಹಾಡಿದವನ ಮುಂದೆ ಹತ್ತು ರಾತ್ರಿ ಹಾಡಿದವ ನಿಲ್ಲೂದಿಲ್ಲ. ಈ ಹುಡಿಗ್ಯಾರಿಗೆ ಅಂಥ ರಾತ್ರಿ ಕಡಿಮಿ ಇದ್ದವು. ಆ ವಿಶ್ವಕಪ್ ನಮ್ಮಲ್ಲಿ ಮೊದಲು ಆಗಬೇಕಾಗಿದ್ದದ್ದು 2020ಕ್ಕೆ. ಕೊರೋನಾ ಬಂದು 2021ಕ್ಕೆ ಹೋತು, ಆಮ್ಯಾಲೆ ರದ್ದಾಗಿ 2022ಕ್ಕೆ ಬಂತು. 2020ಕ್ಕ ಅಂತ ತಯಾರಾಗಿದ್ದ ಹುಡಿಗ್ಯಾರ ವಯಸ್ಸು ಮೀರಿ ಹೋತು. ಅವರ ಹೆಸರು ಯಾವ ಪದದಾಗೂ ಬರಲಿಲ್ಲ, ಸೋಲೋ ಭಾಗ್ಯನೂ ಅವರಿಗೆ ಸಿಗಲಿಲ್ಲ. ನಮ್ಮದೇ ಮನಿ ಕಾರ್ಯ ಆದ್ದರಿಂದ ಅರ್ಹತಾ ಪಂದ್ಯ ಆಡಿ ಗೆದ್ದು ಬರೋ ಜರೂರಿ ಇರಲಿಲ್ಲ. ಹೊಸ ತಂಡ ಕಟ್ಟಿದರು, ಸ್ವೀಡನ್ನಿನ ಥಾಮಸ್ ಡೆನ್ನರ್‌ಬಿ ಅನ್ನೋ ಗುರುವನ್ನ ತಂದರು, ಇಟಲಿ, ನಾರ್ವೆ, ಸ್ಪೇನಿಗೆ ಕಳಿಸಿದರು. ಆಗಸ್ಟದಾಗ ಫಿಫಾದವರು ಭಾರತದ ಫುಟ್‌ಬಾಲ್ ಮಹಾಮಂಡಳವನ್ನೇ ಅಮಾನತು ಮಾಡಿ, ಈ ಆಟ ಇಲ್ಲಿ ನಡೀತದೋ ಇಲ್ಲೋ ಅನ್ನೋ ಹಂಗಾತು. ಹನ್ನೊಂದು ದಿವಸದಾಗ ಅದು ತೆರವಾತು. ದೊಡ್ಡವರ ಜಗಳ, ಹುಡಿಗ್ಯಾರ ನಿದ್ದಿ ಕೆಟ್ಟಿತು.

21 ಮಂದಿ ತಂಡದಾಗ ಆರು ಮಂದಿ ಝಾರ್ಖಂಡದವರು, ಮಣಿಪುರದವರೂ ಬಹಳ. ಪುಣೆದಾಕಿ ಕಾಜೋಲ್ ಡಿಸೋಜಾ ನಮ್ಮ ರಾಜ್ಯದಾಕಿ. ಯಾಕ ಆ ಎರಡು ರಾಜ್ಯದಿಂದ ಅಷ್ಟು ಮಂದಿ? ಅಲ್ಲಿ ಹುಡುಗಿ ಚಂಡು ಒದ್ದರೆ ಯಾರೂ ಹುಬ್ಬು ಏರಿಸೂದಿಲ್ಲ, ಬಯಲು ಐತಿ, ಜೋಡಿ ಆಡೋರು ಅದಾರ. ಬಡತನ ಅಲ್ಲೂ ಐತಿ, ಇಲ್ಲೂ ಐತಿ. ನಮ್ಮಲ್ಲಿ ಬಡತನ ಇದ್ದೂ ನಾಯಕಿ ಹುಟ್ಟಿಲ್ಲ. ಅಂದಮ್ಯಾಲೆ ಬಡತನ ಆಕಿಯನ್ನ ನಾಯಕಿ ಮಾಡಲಿಲ್ಲ. ನನ್ನ ಪದ ಅದೇ ಸುಳ್ಳು ಹೇಳಿತ್ತು.

ನಮ್ಮ ತುಂತುಣಿ ಬಾರಿಸೋ ಗೆಳೆಯ ಇದನ್ನ ಒಪ್ಪಲಿಲ್ಲ. "ಅಲ್ಲೋ, ಕರುಣೆ ಇಲ್ಲದ ಪದ ಯಾರು ಕೇಳತಾರ? ಈಕಿ ಆಕಿಗೆ ಕೊಟ್ಟಳು, ಆಕಿ ಇವಳಿಗೆ ಕೊಟ್ಟಳು ಅಂತ ಹಾಡಿದರ ಮಂದಿ ಎದ್ದು ಹೋಗತಾರ" ಅಂದ. ಅವನ ಮಾತಿನೊಳಗೂ ಸತ್ಯ ಐತಿ. ಬರೇ ಲೆಕ್ಕ ಹಾಡಿದರೆ ಪದ ಆಗೂದಿಲ್ಲ. ಆದರೆ ಸಂಗೊಳ್ಳಿ ರಾಯಣ್ಣನ ಪದದಾಗ ಕತ್ತಿ ಬೀಸಿದ್ದನ್ನ ಮಂದಿ ಬೆಳತನಕ ಕೇಳತಾರಲ್ಲ? ಕತ್ತಿ ಕೇಳೋ ಕಿವಿ ಚಂಡು ಯಾಕ ಕೇಳೂದಿಲ್ಲ? ಕೇಳತಾರ. ಹಾಡೋ ನಮಗ ಆಟ ಗೊತ್ತಿಲ್ಲ, ಅದಕ್ಕ ಕಣ್ಣೀರಿನ ಮೊರೆ ಹೋಗತೀವಿ. ಕಣ್ಣೀರು ಸಸಾರ, ನೋಟೂ ಬರತಾವು.

ಇಲ್ಲಿ ನನ್ನ ಹರದೇಶಿ ಪಕ್ಷದ ಮಾತು ಬರತೈತಿ. ನಾನು ತಿಳಕೊಂಡಿದ್ದೆ, ಈ ಪದ ಕಟ್ಟಿ ನಾನು ಹೆಣ್ಣಿನ ಪಕ್ಷ ಹಾಡಿದೆ ಅಂತ. ಇಲ್ಲ. ಗಂಡು ಹೆಚ್ಚು ಅಂತ ಬಾಯಿಬಿಟ್ಟು ಹಾಡಿದಾಗ ಎದುರಿನ ನಾಗೇಶಿ ಬಾಯಿ ಜವಾಬು ಕೊಡತಿದ್ದಳು. ಪಾಪ ಹೆಣ್ಣುಮಗಳು ಅಂತ ಹಾಡಿದರೆ ಜವಾಬಿಗೂ ಜಾಗಾ ಇಲ್ಲ. ಅದು ಹರದೇಶಿಗಿಂತ ಕೆಟ್ಟದ್ದು.

ಇನ್ನೊಂದು ಮಾತು ಬರಿಯದೇ ಬಿಟ್ಟರೆ ಈ ಬರಹನೂ ಚಂಡು ಇಲ್ಲದ ಪದ ಆಗತೈತಿ. ಆ ವರ್ಷದ ಯುರೋಪ ಪ್ರವಾಸದಾಗ ಈ ತಂಡದ ಒಬ್ಬ ಸಹಾಯಕ ತರಬೇತುದಾರನನ್ನ ಲೈಂಗಿಕ ದುರ್ವರ್ತನೆಗಾಗಿ ಮಹಾಮಂಡಳ ತಗದು ಹಾಕಿತು. ಆ ಬಾತಮಿ ನಮ್ಮ ಸೊಸಿ ಕಿವಿಗೂ ಬಿತ್ತು. "ಇದಕ್ಕ ನಾ ಹೆದರೋದು ಮಾವಾರ. ಯಾರ ಕೈಯಾಗ ಬಿಡಬೇಕು ಕೂಸಿನ್ನ?" ಅಂದಳು. ಆಕಿ ಮಾತು ತಪ್ಪಲ್ಲ. ಹುಡಿಗ್ಯಾರನ್ನ ಮೈದಾನಕ್ಕ ಕಳಿಸ್ರಿ ಅಂತ ಹಾಡೋರು ಈ ಸವಾಲಿಗೆ ಜವಾಬು ಹುಡುಕಬೇಕು. ಜೋಡಿಗೆ ಒಬ್ಬ ಹೆಣ್ಣುಮಗಳು ಗುರು ಇರಬೇಕು, ಹುಡುಗಿ ಬಾಯಿಬಿಟ್ಟರೆ ಕೇಳೋರು ಇರಬೇಕು, ತಪ್ಪು ಮಾಡಿದವ ಹೊರಗ ಹೋಗಬೇಕು, ಹುಡುಗಿ ಹೊರಗ ಹೋಗಬಾರದು. ಇದು ಮೈದಾನಕ್ಕ ಗೋಲಿನ ಕಂಬ ಇದ್ದಂಗ, ಇಲ್ಲದಿದ್ದರ ಆಟನೇ ಇಲ್ಲ.

ನನ್ನ ಮೊಮ್ಮಗಳ ಆಟ ಹತ್ತನೆಯ ಇಯತ್ತೆಗೆ ನಿಂತಿತು. ಯಾರೂ ಬೈದು ನಿಲ್ಲಿಸಲಿಲ್ಲ. ಹತ್ತನೆಯ ಪರೀಕ್ಷೆ ಅಂದರು, ಆಮ್ಯಾಲೆ ಕಾಲೇಜಿನ ಬಸ್ಸು ಸಂಜಿ ಆರಕ್ಕ ಬರತಿತ್ತು, ಜೋಡಿ ಆಡೋ ಇಬ್ಬರಿಗೆ ಗಂಡು ನೋಡಿದರು. ತಾಲೂಕಿನ ಆಯ್ಕೆಗೆ ಹೋಗಬೇಕು ಅಂತ ಒಂದು ಸಲ ಕೇಳಿದ್ದಳು. ಅವರಪ್ಪ ನನ್ನ ಮುಖ ನೋಡಿದ. ನಾನು ಆವಾಗ ಆ ಪದ ಹೇಳಿಕೊಂಡು ಊರೂರು ತಿರುಗತಿದ್ದೆ. ಹೋಗಲಿ ಬಿಡೋ ಅಂತ ಒಂದು ಮಾತು ಅಂದಿದ್ದರೆ ಹೋಗತಿದ್ದಳು. ಅನ್ನಲಿಲ್ಲ. ಝಾರ್ಖಂಡದ ಹುಡುಗಿ ಹುಲಿ ಅಂತ ಮೈಕಿನಾಗ ಹಾಡೋದು, ಮನಿಯಾಗ ಸುಮ್ಮನೆ ಕೂಡೋದು, ಇದಕ್ಕಿಂತ ದೊಡ್ಡ ವಿಮರ್ಶೆ ನನ್ನ ಪದಕ್ಕ ಬ್ಯಾಡ.

2025ರ ಅಕ್ಟೋಬರದಾಗ ಮೊಮ್ಮಗಳು ಮತ್ತ ಮೊಬೈಲ ತಂದು ಮುಂದ ಹಿಡಿದಳು. ಕಿರ್ಗಿಸ್ತಾನದ ಬಿಷ್ಕೆಕ್ ಊರು. ಹದಿನೇಳು ವರ್ಷದೊಳಗಿನವರದೇ ತಂಡ, ಹುಡಿಗ್ಯಾರು ಬ್ಯಾರೇ, ಗುರು ಯೋಕಿಮ್ ಅಲೆಕ್ಸಾಂಡರ್ಸನ್, ಅವನೂ ಸ್ವೀಡನ್ನಿನವ. ಏಷ್ಯಾ ಕಪ್ಪಿನ ಅರ್ಹತಾ ಪಂದ್ಯ, ಈ ಸಲ ಮನಿ ಕಾರ್ಯ ಅಲ್ಲ, ಗೆದ್ದೇ ಹೋಗಬೇಕು. ಮೊದಲು ಕಿರ್ಗಿಸ್ತಾನದವರನ್ನ 2–1ರಿಂದ ಸೋಲಿಸಿದರು. ಅಕ್ಟೋಬರ 17ಕ್ಕೆ ಉಜ್ಬೇಕಿಸ್ತಾನ. ಮೊದಲ ಗೋಲು ಅವರದು. ನಾನು ಈ ಸಲ ಏಳಲಿಲ್ಲ. ಬೆಂಚಿನಿಂದ ಥಂಡಾಮೋನಿ ಬಾಸ್ಕೆ ಅನ್ನೋ ಹುಡುಗಿಯನ್ನ ಒಳಗ ಬಿಟ್ಟರು, ಇನ್ನೂ ಮೊದಲರ್ಧ ಮುಗಿದಿರಲಿಲ್ಲ. ಎರಡನೆಯ ಅರ್ಧದಾಗ ಆಕಿನೇ ಗೋಲು ಹೊಡೆದು ಸರಿ ಮಾಡಿದಳು. ಹತ್ತು ನಿಮಿಷ ಕಳೀತು, ಆಕಿನೇ ಚಂಡು ಕೊಟ್ಟಳು, ಅನುಷ್ಕಾ ಕುಮಾರಿ ಒಳಗ ಹಾಕಿದಳು. 2–1. 2026ರ ಏಷ್ಯಾ ಕಪ್ಪಿಗೆ ಚೀನಾಕ್ಕ ಟಿಕೀಟು ಸಿಕ್ಕಿತು. 2022ರಾಗ ಒಂದೂ ಗೋಲಿಲ್ಲದ ತಂಡ ಇದು ಅಂತ ನೆನಸಿಕೊಳ್ಳ್ರಿ.

ಈ ಆಟದ ಮ್ಯಾಲೆ ಒಂದು ಹೊಸ ಪದ ಕಟ್ಟೀನಿ. ಈ ಸಲ ಆ ಹುಡಿಗ್ಯಾರ ಮನಿ ಯಾವುದು, ಬಡವರೋ ಶ್ರೀಮಂತರೋ ಅಂತ ಓದಲಿಕ್ಕೇ ಹೋಗಲಿಲ್ಲ. ಹೊರಗ ಕುಂತಾಕಿ ಒಳಗ ಬಂದದ್ದು, ಸೋಲತಿದ್ದ ಆಟ ತಿರುಗಿದ್ದು, ತಾನು ಹೊಡೆಯೋದನ್ನ ಬಿಟ್ಟು ಇನ್ನೊಬ್ಬಾಕಿಗೆ ಕೊಟ್ಟದ್ದು, ಇಷ್ಟೇ. ಹೋದ ತಿಂಗಳು ಹಾಡಿದೆವು. ಯಾರೂ ಅಳಲಿಲ್ಲ. ನೋಟೂ ಕಡಿಮಿ ಬಂದವು, ಗೆಳೆಯ ನನ್ನ ಕಡೆ ನೋಡಿ ನಕ್ಕ. ಆದರೆ ಮುಂದ ಕುಂತ ನಾಲ್ಕೈದು ಸಣ್ಣ ಹುಡಿಗ್ಯಾರು ಆ ಚಂಡು ಕೊಟ್ಟ ನುಡಿ ಇನ್ನೊಮ್ಮೆ ಅಂದರು. ಎರಡು ಸಲ ಹಾಡಿಸಿದರು.

ಮೊಮ್ಮಗಳು ಈಗ ಹನ್ನೆರಡನೆಯ ಇಯತ್ತೆ. ಪದ ಕೇಳಿ, "ಪರವಾಗಿಲ್ಲ ಮುತ್ಯಾ, ಆದರ ಐದನೆಯ ನುಡಿಯಾಗ ಆಫ್‌ಸೈಡ್ ಆಗೈತಿ ನೋಡು" ಅಂದಳು. ಅದನ್ನ ತಿದ್ದಲಿಕ್ಕೆ ಹತ್ತೀನಿ. ಆಫ್‌ಸೈಡ್ ಅನ್ನೋದು ನನಗ ಇನ್ನೂ ಪೂರ್ತಿ ತಿಳಿದಿಲ್ಲ, ಆಕಿ ಜೋಳದ ಕಾಳು ಇಟ್ಟು ಎರಡು ಸಲ ತೋರಿಸ್ಯಾಳ.

ಕಡೀಕ ವಾಚನಾಲಯದವರಿಗೆ ಒಂದು ವಿನಂತಿ. ಈ ಪುಸ್ತಕ ಮಾರಿ ಬಂದ ರೊಕ್ಕದಾಗ ಎರಡು ಚಂಡು ತರ್ರಿ, ಸಾಲಿ ಬಯಲಾಗ ನಾಲ್ಕು ಕಂಬ ನಡಸ್ರಿ. ಕಂಬಕ್ಕ ಕಟ್ಟಿಗಿ ನಮ್ಮ ಹೊಲದ ಬದುವಿನ ಬೇವಿಂದು ಕೊಡತೀನಿ. ಚಾವಿ ಮಾತ್ರ ಹುಡಿಗ್ಯಾರ ಕೈಯಾಗ ಇರಲಿ. ಮೊಮ್ಮಗಳ ಬೆನ್ನಿಗೆ ಬಿದ್ದಾಕಿ, ಸಣ್ಣಾಕಿ, ಆರನೆಯ ಇಯತ್ತೆ ಓದಾಕಿ ಒಬ್ಬಾಕಿ ಅದಾಳ. ಆಕಿ ಆಯ್ಕೆಗೆ ಹೋಗತೀನಿ ಅಂದ ದಿವಸ ಅವರಪ್ಪ ನನ್ನ ಮುಖ ನೋಡಿದರೆ ಏನು ಅನ್ನಬೇಕು ಅನ್ನೋದು ಈಗ ನನಗ ಗೊತ್ತೈತಿ.